ಬೆಂಕಿ ಹಬ್ಬದ ಗದ್ದಲದಲ್ಲಿ ಪುಟ್ಟ ಕಿವಿ

ನವೆಂಬರ್ ಐದರ ಸಂಜೆ. ಲಂಡನ್ನಿನಲ್ಲಿ ಅಂದು ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆರರ ಹೊತ್ತಿಗೆ ಕಗ್ಗತ್ತಲು, ಮೈ ನಡುಗಿಸುವ ಚಳಿ. ಆದರೂ ಉಣ್ಣೆಯ ಟೊಪ್ಪಿ, ಕೈಗವಸು ತೊಡಿಸಿದ ಮಕ್ಕಳನ್ನು ಕರೆದುಕೊಂಡು ಜನ ಊರ ಮೈದಾನದತ್ತ ಹೊರಡುತ್ತಾರೆ. ನಡೆದು ದಣಿದ ಮಕ್ಕಳು ಅಪ್ಪನ ಹೆಗಲ ಮೇಲೆ; ಹೆಗಲ ಮೇಲೆ ಕೂರಲೂ ಬಾರದ ಕೂಸುಗಳು ತಳ್ಳುಗಾಡಿಯಲ್ಲಿ. ಮೈದಾನದ ನಡುವೆ ಎರಡಾಳೆತ್ತರದ ಸೌದೆಯ ರಾಶಿ. ಅದರ ನೆತ್ತಿಯ ಮೇಲೆ ಹಳೆಯ ಕೋಟು ತೊಟ್ಟ ಹುಲ್ಲಿನ ಮನುಷ್ಯ. ರಾಶಿಗೆ ಬೆಂಕಿ ಬೀಳುತ್ತದೆ, ಆಕಾಶಬಾಣಗಳು ಏಳುತ್ತವೆ. ಮೊದಲ ಸದ್ದಿಗೆ ಜನರೆಲ್ಲ ಖುಷಿಯಿಂದ ಉದ್ಗರಿಸುತ್ತಾರೆ. ಅದೇ ಸದ್ದಿಗೆ ತಳ್ಳುಗಾಡಿಯೊಳಗಿನ ಕೂಸು ಬೆಚ್ಚಿಬಿದ್ದು, ಎರಡೂ ಕೈ ಚಾಚಿ ಚೀರುತ್ತದೆ.

ಇದು ಬ್ರಿಟನ್ನಿನ ‘ಬಾನ್‌ಫೈರ್ ನೈಟ್’, ಅಂದರೆ ಬೆಂಕಿ ಹಬ್ಬದ ರಾತ್ರಿ. ಮಗುವನ್ನು ಅಲ್ಲಿಗೆ ಕರೆದೊಯ್ಯಬೇಕೋ ಬೇಡವೋ ಎಂಬುದು ಹೊಸದಾಗಿ ತಾಯಿ ತಂದೆಯಾದವರನ್ನು ಪ್ರತಿ ವರ್ಷವೂ ಕಾಡುವ ಪ್ರಶ್ನೆ. ದೀಪಾವಳಿಯ ಸಂಜೆ ನಮ್ಮ ಮನೆಗಳ ಜಗಲಿಯ ಮೇಲೆ ಏಳುವ ಪ್ರಶ್ನೆಯೂ ಇದೇ. ಇದಕ್ಕೆ ವೈದ್ಯರು ಒಂದು ಉತ್ತರ ಕೊಡುತ್ತಾರೆ. ಆ ಹಬ್ಬದ ನಾನೂರು ವರ್ಷಗಳ ಚರಿತ್ರೆಯೂ ಒಂದು ಉತ್ತರ ಕೊಡುತ್ತದೆ. ಹಬ್ಬವನ್ನು ಉಳಿಸಿಕೊಂಡು ಬಂದವರಲ್ಲಿ ಮಕ್ಕಳೇ ಮೊದಲಿಗರು. ಆದರೆ ನಿಯಮ ಬರೆಯುವವರ ಕಣ್ಣಿಗೆ ಅತಿ ಚಿಕ್ಕ ಮಗು ಬಿದ್ದದ್ದು ಎಲ್ಲರಿಗಿಂತ ಕೊನೆಗೆ.

ಮೂವತ್ತಾರು ಪೀಪಾಯಿ ಮದ್ದು

ಹಬ್ಬದ ಮೂಲ 1605ರಲ್ಲಿದೆ. ಆಗ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್. ರಾಜ್ಯದ ಧರ್ಮ ಪ್ರೊಟೆಸ್ಟೆಂಟ್. ಕ್ಯಾಥೊಲಿಕರು ದಂಡ, ಸೆರೆವಾಸಗಳಿಗೆ ಗುರಿಯಾಗಿ ಕುದಿಯುತ್ತಿದ್ದರು. ರಾಬರ್ಟ್ ಕೇಟ್ಸ್‌ಬಿ ಎಂಬವನ ಮುಂದಾಳುತನದಲ್ಲಿ ಹದಿಮೂರು ಮಂದಿ ಒಂದು ಭಯಂಕರ ಸಂಚು ಹೂಡಿದರು. ಸಂಸತ್ತಿನ ಅಧಿವೇಶನ ಆರಂಭವಾಗುವ ದಿನ ದೊರೆ, ಮಂತ್ರಿಗಳು, ಸದಸ್ಯರು ಎಲ್ಲರೂ ಒಂದೆಡೆ ಸೇರಿರುವಾಗ ಕಟ್ಟಡವನ್ನೇ ಸ್ಫೋಟಿಸುವುದು ಅವರ ಯೋಜನೆ. ಲಾರ್ಡ್ಸ್ ಸಭೆಯ ಕೆಳಗಿನ ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದು, 36 ಪೀಪಾಯಿ ಕೋವಿಮದ್ದನ್ನು ಸೌದೆಯ ಕೆಳಗೆ ಬಚ್ಚಿಟ್ಟರು.

ಈ ಕಥೆಯಲ್ಲೂ ಒಂದು ಮಗು ಇದೆ. ದೊರೆ ಸತ್ತ ಮೇಲೆ ಅವನ ಮಗಳು, ಒಂಬತ್ತು ವರ್ಷದ ಎಲಿಜಬೆತ್‌ಳನ್ನು ಅಪಹರಿಸಿ, ತಮ್ಮ ಕೈಗೊಂಬೆಯಾಗಿ ಸಿಂಹಾಸನದ ಮೇಲೆ ಕೂರಿಸುವುದು ಸಂಚುಗಾರರ ಇರಾದೆಯಾಗಿತ್ತು.

ಅಕ್ಟೋಬರ್ ಕೊನೆಯಲ್ಲಿ ಲಾರ್ಡ್ ಮಾಂಟೀಗಲ್ ಎಂಬ ಶ್ರೀಮಂತನಿಗೆ ಸಹಿಯಿಲ್ಲದ ಕಾಗದವೊಂದು ಬಂತು. ಅಧಿವೇಶನಕ್ಕೆ ಹೋಗಬೇಡ ಎಂಬ ಸೂಚನೆ ಅದರಲ್ಲಿತ್ತು. ಕಾಗದ ದೊರೆಯ ಕೈ ಸೇರಿತು. ನವೆಂಬರ್ ನಾಲ್ಕರ ನಡುರಾತ್ರಿಯ ಹೊತ್ತಿಗೆ ನಡೆದ ಶೋಧದಲ್ಲಿ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದವನು ಗೈ ಫಾಕ್ಸ್. ಯಾರ್ಕ್ ನಗರದಲ್ಲಿ ಹುಟ್ಟಿ, ಸ್ಪೇನಿನ ಸೈನ್ಯದಲ್ಲಿ ದುಡಿದು ಮದ್ದಿನ ಕೆಲಸದಲ್ಲಿ ಪಳಗಿದ್ದವನು. ಸಿಕ್ಕಾಗ ತನ್ನ ಹೆಸರು ಜಾನ್ ಜಾನ್ಸನ್ ಎಂದ. 1606ರ ಜನವರಿ 31ರಂದು ಅವನಿಗೆ ಮರಣದಂಡನೆಯಾಯಿತು.

ಸಂಚು ಬಯಲಾದ ದಿನವೇ, ಅಂದರೆ 1605ರ ನವೆಂಬರ್ ಐದರ ಸಂಜೆಯೇ, ಲಂಡನ್ನಿನ ಜನ ಬೀದಿಗಳಲ್ಲಿ ಬೆಂಕಿ ಹಾಕಿ ಸಂಭ್ರಮಿಸಿದರು. ಮರುವರ್ಷದ ಆರಂಭದಲ್ಲಿ ಸಂಸತ್ತು ಒಂದು ಕಾಯಿದೆಯನ್ನೇ ಮಾಡಿತು. ಪ್ರತಿ ನವೆಂಬರ್ ಐದರಂದು ಚರ್ಚುಗಳಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸಬೇಕು ಎಂಬುದು ಅದರ ವಿಧಿ. ಹೀಗೆ ಅರಸನ ಪ್ರಾಣ ಉಳಿದ ನೆನಪಿಗೆ, ಅರಸನ ಆಳ್ವಿಕೆಯಲ್ಲೇ, ಕಾಯಿದೆಯಿಂದ ಹುಟ್ಟಿದ ಹಬ್ಬ ಇದು. ಅದರಲ್ಲಿ ಮಕ್ಕಳಿಗೆಂದು ಏನೂ ಇರಲಿಲ್ಲ.

ಬೀದಿಗಿಳಿದ ಹುಡುಗರು

ಬೆಂಕಿಯ ಜೊತೆಗೆ ಬಾಣಬಿರುಸು ಸೇರಿಕೊಂಡದ್ದು 17ನೇ ಶತಮಾನದಲ್ಲಿ. ಅದೇ ಶತಮಾನದ ಉತ್ತರಾರ್ಧದಲ್ಲಿ ಪೋಪರ ಪ್ರತಿಕೃತಿಯನ್ನು ಸುಡುವ ಪದ್ಧತಿಯೂ ಬಂತು. ಹಬ್ಬಕ್ಕೆ ಮತದ್ವೇಷದ ಕಾವು ಬಹುಕಾಲ ಇತ್ತು. ಸಸೆಕ್ಸ್‌ನ ಲೂಯಿಸ್ ಪಟ್ಟಣದಲ್ಲಿ ಇಂದಿಗೂ ಉರಿಯುವ ಪಂಜುಗಳ ಭಾರೀ ಮೆರವಣಿಗೆ ನಡೆಯುತ್ತದೆ. 1555ರಿಂದ 1557ರವರೆಗೆ ಅಲ್ಲಿ ಜೀವಂತ ಸುಡಲ್ಪಟ್ಟ 17 ಮಂದಿ ಪ್ರೊಟೆಸ್ಟೆಂಟರ ನೆನಪಿಗೆ 17 ಶಿಲುಬೆಗಳನ್ನು ಉರಿಸಿಕೊಂಡು ಒಯ್ಯುತ್ತಾರೆ.

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಹಬ್ಬಕ್ಕೆ ಹೊಸ ವಾರಸುದಾರರು ಬಂದರು. ಅವರೇ ಬೀದಿಯ ಹುಡುಗರು. ಹಳೆಯ ಅಂಗಿ, ಷರಾಯಿಗಳಿಗೆ ಹುಲ್ಲು ತುಂಬಿ ಗೈ ಫಾಕ್ಸ್‌ನ ಬೊಂಬೆ ಮಾಡುವುದು. ಅದನ್ನು ಬೀದಿಯ ಮೂಲೆಯಲ್ಲಿ ಕೂರಿಸಿಕೊಂಡು ‘ಗೈಗೆ ಒಂದು ಪೆನ್ನಿ ಕೊಡಿ’ ಎಂದು ದಾರಿಹೋಕರನ್ನು ಕಾಡುವುದು. ಕೂಡಿದ ಚಿಲ್ಲರೆಯಿಂದ ಪಟಾಕಿ ಕೊಳ್ಳುವುದು. ಆ ಬೊಂಬೆಯನ್ನು ಕೂರಿಸಲು ಹುಡುಗರು ಆರಿಸಿಕೊಳ್ಳುತ್ತಿದ್ದ ವಾಹನಗಳಲ್ಲಿ ಮನೆಯ ಹಳೆಯ ಮಗುವಿನ ತಳ್ಳುಗಾಡಿಯೂ ಒಂದು. ತಮ್ಮನೋ ತಂಗಿಯೋ ಮಲಗಿ ಬೆಳೆದ ಗಾಡಿಯಲ್ಲಿ ಬೆಂಕಿಗೆ ಹೋಗುವ ಗೈ ಸವಾರಿ ಮಾಡುತ್ತಿದ್ದ.

ಈ ಚಿತ್ರ ಕನ್ನಡಿಗರಿಗೆ ಹೊಸದೇನಲ್ಲ. ಕಾಮನ ಹಬ್ಬ ಹತ್ತಿರ ಬಂದಾಗ ಉತ್ತರ ಕರ್ನಾಟಕದ ಊರುಗಳಲ್ಲಿ ಹುಡುಗರ ಗುಂಪು ಮನೆ ಮನೆಗೆ ಹೋಗಿ ಕಟ್ಟಿಗೆ, ಕುಳ್ಳು ಬೇಡುತ್ತದೆ. ಕೊಡದ ಮನೆಯ ಹಿತ್ತಲಿನಿಂದ ರಾತ್ರಿ ಕದಿಯುತ್ತದೆ. ಕದ್ದದ್ದಕ್ಕೆ ಆ ಒಂದು ರಾತ್ರಿ ಮಾಫಿಯೂ ಉಂಟು. ಬೆಂಕಿ ಹಬ್ಬಗಳು ಎಲ್ಲೇ ಇರಲಿ, ಅವುಗಳ ಸೌದೆ ಹೊರುವವರು ಹುಡುಗರೇ.

ಇಂಗ್ಲಿಷಿನಲ್ಲಿ ಇಂದು ಗೆಳೆಯರನ್ನು ಕರೆಯುವ ‘ಗೈಸ್’ ಎಂಬ ಮಾತು ಕೂಡ ಈ ಬೊಂಬೆಯಿಂದಲೇ ಬಂದದ್ದು. ಗೈ ಎಂದರೆ ಮೊದಲು ಬೊಂಬೆ, ಆಮೇಲೆ ಬೊಂಬೆಯಂತೆ ವಿಚಿತ್ರವಾಗಿ ಉಟ್ಟವನು, ಕೊನೆಗೆ ಯಾವನೇ ಒಬ್ಬ ಮನುಷ್ಯ. ಬೆಂಗಳೂರಿನ ಕಾಲೇಜುಗಳ ಅಂಗಳದಲ್ಲಿ ದಿನಕ್ಕೆ ನೂರು ಸಲ ಕೇಳುವ ಈ ಪದದ ಬೇರು ಸಂಸತ್ತಿನ ನೆಲಮಾಳಿಗೆಯಲ್ಲಿದೆ.

1859ರಲ್ಲಿ ಹಳೆಯ ಕಾಯಿದೆ ರದ್ದಾಯಿತು. ಹಬ್ಬ ಆಚರಿಸಲೇಬೇಕೆಂಬ ಕಟ್ಟಳೆ ಹೋಯಿತು. ಹಬ್ಬ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಅದು ಅರಸನದ್ದಾಗಲಿ ಚರ್ಚಿನದ್ದಾಗಲಿ ಆಗಿ ಉಳಿದಿರಲಿಲ್ಲ. 1865ರಿಂದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬ್ರಾಕ್ ಕಂಪೆನಿಯ ಬಾಣಬಿರುಸಿನ ಪ್ರದರ್ಶನಗಳು ಆರಂಭವಾದವು. ಸಂಸಾರ ಸಮೇತ ಹೋಗಿ ನೋಡುವ ಸಂಜೆಯ ಮೋಜು ಅದು. ಇಪ್ಪತ್ತನೇ ಶತಮಾನದಲ್ಲಿ ಹಬ್ಬ ಮನೆಯ ಹಿತ್ತಿಲಿಗೂ ಬಂತು. ಓಟ್ಸ್, ಶುಂಠಿ, ಕಾಕಂಬಿ ಹಾಕಿ ಮಾಡುವ ‘ಪಾರ್ಕಿನ್’ ಕೇಕು ಯಾರ್ಕ್‌ಷೈರ್ ಕಡೆಯ ಹಬ್ಬದ ತಿನಿಸು. ಎರಡು ಮಹಾಯುದ್ಧಗಳ ಕಾಲದಲ್ಲಿ ಮಾತ್ರ ಬೆಂಕಿಯೂ ಇಲ್ಲ, ಬಾಣವೂ ಇಲ್ಲ. ಆಗ ಆಕಾಶದಲ್ಲಿ ಕೇಳುತ್ತಿದ್ದ ಸದ್ದು ಬೇರೆಯದಾಗಿತ್ತು.

ಹದಿಮೂರರಿಂದ ಹದಿನೆಂಟಕ್ಕೆ

ಹಬ್ಬ ಮಕ್ಕಳದಾದ ಮೇಲೆ ಸುಟ್ಟ ಗಾಯಗಳೂ ಮಕ್ಕಳವೇ ಆದವು. ಈ ಸತ್ಯವನ್ನು ಕಾನೂನು ಎಷ್ಟು ನಿಧಾನವಾಗಿ ಕಲಿಯಿತೆಂಬುದನ್ನು ಮೂರು ಅಂಕಿಗಳೇ ಹೇಳುತ್ತವೆ. 1875ರ ಸ್ಫೋಟಕ ಕಾಯಿದೆಯ ಪ್ರಕಾರ ಹದಿಮೂರು ವರ್ಷದೊಳಗಿನವರಿಗೆ ಮಾತ್ರ ಮದ್ದು ಮಾರುವಂತಿರಲಿಲ್ಲ. ಅದು ಹದಿನಾರಕ್ಕೆ ಏರಲು ನೂರೊಂದು ವರ್ಷ ಬೇಕಾಯಿತು, 1976ರಲ್ಲಿ ಏರಿತು. 1997ರ ನಿಯಮಗಳು ಅದನ್ನು ಹದಿನೆಂಟಕ್ಕೆ ಮುಟ್ಟಿಸಿದವು. ಬರೀ ಸದ್ದಿಗೆಂದೇ ಇದ್ದ ಚಿಕ್ಕ ಸಿಡಿಪಟಾಕಿಗಳನ್ನು ಸಾರ್ವಜನಿಕರಿಗೆ ಮಾರದಂತೆ ತಡೆದದ್ದೂ ಆಗಲೇ.

ಈ ಎಲ್ಲ ನಿಯಮಗಳ ಕಣ್ಣಲ್ಲಿದ್ದುದು ಪಟಾಕಿ ಕೊಳ್ಳಬಲ್ಲ, ಹಚ್ಚಬಲ್ಲ ಹುಡುಗ. ಅವನ ಬೆರಳು ಉಳಿಯಬೇಕು, ಕಣ್ಣು ಉಳಿಯಬೇಕು ಎಂಬುದು ಉದ್ದೇಶ. ಏನನ್ನೂ ಕೊಳ್ಳದ, ಏನನ್ನೂ ಹಚ್ಚದ, ಸುಮ್ಮನೆ ಅಲ್ಲಿರುವ ಕೂಸಿನ ಮಾತು ಎಲ್ಲೂ ಬರಲಿಲ್ಲ.

ಆ ಕಡೆಗೆ ಕಾನೂನು ಒಂದು ಹೆಜ್ಜೆ ಇಟ್ಟದ್ದು ಇಪ್ಪತ್ತೊಂದನೇ ಶತಮಾನದಲ್ಲಿ. 2003ರ ಬಾಣಬಿರುಸು ಕಾಯಿದೆ ಮತ್ತು 2004ರ ನಿಯಮಗಳು ಮೊದಲ ಬಾರಿಗೆ ಸದ್ದಿಗೆ ಮಿತಿ ಹಾಕಿದವು. ಸಾಮಾನ್ಯ ಜನರಿಗೆ ಮಾರುವ ಬಾಣಬಿರುಸಿನ ಸದ್ದು 120 ಡೆಸಿಬಲ್ ಮೀರಬಾರದು. ರಾತ್ರಿ ಹನ್ನೊಂದರ ಮೇಲೆ ಹಚ್ಚಬಾರದು. ಈ ಹೊತ್ತಿನ ಕಟ್ಟಳೆಗೆ ವರ್ಷದಲ್ಲಿ ನಾಲ್ಕು ರಾತ್ರಿ ವಿನಾಯಿತಿ. ನವೆಂಬರ್ ಐದರಂದು ಹನ್ನೆರಡರವರೆಗೆ. ಹೊಸ ವರ್ಷ, ಚೀನೀ ಹೊಸ ವರ್ಷ ಮತ್ತು ದೀಪಾವಳಿಯಂದು ಒಂದು ಗಂಟೆಯವರೆಗೆ. ಹೌದು, ಬ್ರಿಟನ್ನಿನ ನಿಯಮದ ಪುಸ್ತಕದಲ್ಲಿ ದೀಪಾವಳಿಯ ಹೆಸರೇ ಇದೆ. ಗೈ ಫಾಕ್ಸ್‌ನ ಹಬ್ಬಕ್ಕಿಂತ ಒಂದು ಗಂಟೆ ಹೆಚ್ಚಿನ ಅವಕಾಶವೂ ಇದೆ. ಹೀಗಾಗಿ ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಪಟಾಕಿ ಹಬ್ಬ. ಅಲ್ಲಿನ ಕಂದಮ್ಮಗಳಿಗೆ ಎರಡು ಪರೀಕ್ಷೆ.

ಕಿವಿಯ ಲೆಕ್ಕ

ಅಷ್ಟಕ್ಕೂ ಕೂಸಿಗೆ ಆಗುವುದೇನು? ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಒಂದು ಬೆಚ್ಚುವುದು, ಇನ್ನೊಂದು ಪೆಟ್ಟಾಗುವುದು.

ಎಳೆಗೂಸು ದಿಢೀರ್ ಸದ್ದಿಗೆ ಕೈಗಳನ್ನು ಅಗಲಿಸಿ, ಮತ್ತೆ ಎದೆಗೆ ಎಳೆದುಕೊಂಡು ಅಳುತ್ತದೆ. 1918ರಲ್ಲಿ ಇದನ್ನು ವಿವರಿಸಿದ ಆಸ್ಟ್ರಿಯಾದ ಮಕ್ಕಳ ವೈದ್ಯ ಅರ್ನ್ಸ್ಟ್ ಮೋರೊ ಅವರ ಹೆಸರೇ ಆ ಪ್ರತಿಕ್ರಿಯೆಗೆ ಉಳಿದಿದೆ. ಹುಟ್ಟಿನಿಂದ ಬಂದ ಈ ಗುಣ ಸುಮಾರು ನಾಲ್ಕರಿಂದ ಆರು ತಿಂಗಳಲ್ಲಿ ತಾನಾಗಿ ಮಾಯವಾಗುತ್ತದೆ. ಬೆಚ್ಚಿದ ಮಗು ತಾಯಿಯ ಎದೆಗೆ ಒರಗಿದರೆ ಸಮಾಧಾನಗೊಳ್ಳುತ್ತದೆ.

ಕಿವಿಗೆ ಬಿದ್ದ ಪೆಟ್ಟು ಹಾಗಲ್ಲ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಎಳೆಯ ಮಗುವಿನ ಕಿವಿಯ ಕೊಳವೆ ದೊಡ್ಡವರದಕ್ಕಿಂತ ಗಿಡ್ಡ, ಕಿರಿದು. ಚಿಕ್ಕ ಜಾಗದಲ್ಲಿ ಅದೇ ಸದ್ದಿನ ಒತ್ತಡ ಹೆಚ್ಚಾಗಿ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಸಿಡಿತದಂಥ ಸದ್ದಿಗೆ ದೊಡ್ಡವರಿಗೆ 140 ಡೆಸಿಬಲ್, ಮಕ್ಕಳಿಗೆ 120 ಡೆಸಿಬಲ್ ಮೇಲ್ಮಿತಿ ಎಂದಿತು. ಇಪ್ಪತ್ತು ಡೆಸಿಬಲ್ ವ್ಯತ್ಯಾಸ ಕಡಿಮೆಯೆಂದು ತೋರಬಹುದು. ಡೆಸಿಬಲ್ಲಿನ ಗಣಿತವೇ ಬೇರೆ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು.

ಹೊಗೆಯ ಲೆಕ್ಕವೂ ಇದೆ. ದೊಡ್ಡವರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ನವಜಾತ ಶಿಶು 30ರಿಂದ 60 ಬಾರಿ ಉಸಿರಾಡುತ್ತದೆ. ತೂಕಕ್ಕೆ ಹೋಲಿಸಿದರೆ ಅದೇ ಗಾಳಿಯಿಂದ ಕೂಸು ಒಳಗೆಳೆದುಕೊಳ್ಳುವ ಹೊಗೆ ಹೆಚ್ಚು.

ನಮ್ಮ ಮನೆಗಳಲ್ಲಿ ಬಾಣಂತಿ ಮತ್ತು ಕೂಸಿನ ಕಿವಿಗೆ ಹತ್ತಿ ಇಡುವ ರೂಢಿಯುಂಟು. ಆದರೆ ಹತ್ತಿ ಸದ್ದನ್ನು ತಡೆಯುವುದು ಅಷ್ಟಕ್ಕಷ್ಟೆ. ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳ ಅಳತೆಯ ಕಿವಿಗಾಪುಗಳು ಸುಮಾರು 20ರಿಂದ 30 ಡೆಸಿಬಲ್‌ನಷ್ಟು ಸದ್ದನ್ನು ತಗ್ಗಿಸುತ್ತವೆ. ಬ್ರಿಟನ್ನಿನ ಮೈದಾನಗಳಲ್ಲಿ ತಳ್ಳುಗಾಡಿಯ ಕೂಸುಗಳ ತಲೆಯ ಮೇಲೆ ಈಗ ಇವು ಕಾಣಸಿಗುತ್ತವೆ.

ಇನ್ನು ಸುರ್‌ಸುರ್‌ಬತ್ತಿ. ‘ಇದು ಮಕ್ಕಳದು, ಏನೂ ಆಗುವುದಿಲ್ಲ’ ಎಂದು ಎಲ್ಲರೂ ನಂಬಿರುವ ವಸ್ತು. ಅದರ ತುದಿಯ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಅದನ್ನು ಕೊಡಲೇಬಾರದು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡವರು ತಾವೂ ಹಿಡಿಯಬಾರದು, ಉರಿದು ಮುಗಿದ ಕಡ್ಡಿಯನ್ನು ನೀರಿನ ಬಕೆಟ್ಟಿಗೆ ಹಾಕಬೇಕು ಎಂಬುದು ಅಲ್ಲಿ ವರ್ಷ ವರ್ಷವೂ ಹೇಳುವ ಎಚ್ಚರಿಕೆ.

ದಿಲ್ಲಿಯ ಮೂವರು ಕಂದಮ್ಮಗಳು

ಸದ್ದು, ಹೊಗೆಗಳ ಈ ಲೆಕ್ಕ ಭಾರತದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಿ ಸಿಡಿಯುವ ಪಟಾಕಿಗಳನ್ನು ತಯಾರಿಸಬಾರದು, ಮಾರಬಾರದು ಎಂಬ ನಿಯಮ ಇಲ್ಲಿ 1999ರಿಂದಲೇ ಇತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಪಟಾಕಿ ಸಿಡಿಸಬಾರದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತ್ತು.

2015ರಲ್ಲಿ ಅದೇ ನ್ಯಾಯಾಲಯಕ್ಕೆ ಒಂದು ಅಪರೂಪದ ಅರ್ಜಿ ಬಂತು. ಅರ್ಜಿದಾರರು ದಿಲ್ಲಿಯ ಮೂವರು ಮಕ್ಕಳು. ವಯಸ್ಸು ಆರರಿಂದ ಹದಿನಾಲ್ಕು ತಿಂಗಳು. ಅವರ ಪರವಾಗಿ ತಂದೆಯಂದಿರು ಸಹಿ ಹಾಕಿದ್ದರು. ನಮ್ಮ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿವೆ, ಶುದ್ಧ ಗಾಳಿಯಲ್ಲಿ ಬದುಕುವ ಹಕ್ಕು ನಮಗೂ ಇದೆ ಎಂಬುದು ಆ ಅರ್ಜಿಯ ಸಾರ. ಮಾತು ಬಾರದವರು ಸಂವಿಧಾನದ 21ನೇ ವಿಧಿಯನ್ನು ಹಿಡಿದು ನಿಂತಿದ್ದರು.

ಅದರ ಮೇಲೆ 2018ರ ಅಕ್ಟೋಬರ್ 23ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ಆದೇಶ ನೀಡಿತು. ಪಟಾಕಿಯನ್ನು ಪೂರ್ತಿ ನಿಷೇಧಿಸಲಿಲ್ಲ. ಕಡಿಮೆ ಹೊಗೆಯ ‘ಹಸಿರು ಪಟಾಕಿ’ಗೆ ಮಾತ್ರ ಅವಕಾಶ, ಸರಪಟಾಕಿಗೆ ತಡೆ, ದೀಪಾವಳಿಯ ರಾತ್ರಿ ಎಂಟರಿಂದ ಹತ್ತರವರೆಗೆ ಎರಡು ಗಂಟೆಯ ಗಡುವು. ದಿಲ್ಲಿಯ ಮಟ್ಟಿಗೆ ಆಮೇಲೆ ಪೂರ್ಣ ನಿಷೇಧವೂ ಬಂತು, 2025ರ ದೀಪಾವಳಿಗೆ ಹಸಿರು ಪಟಾಕಿಗೆ ಷರತ್ತಿನ ಅನುಮತಿಯೂ ಸಿಕ್ಕಿತು. ವಾದ ಮುಗಿದಿಲ್ಲ. ಆದರೆ ಪಟಾಕಿಯ ಕಾನೂನಿನಲ್ಲಿ ತೊಟ್ಟಿಲ ಮಗು ಅರ್ಜಿದಾರನಾಗಿ ನಿಂತದ್ದು ಸಣ್ಣ ಸಂಗತಿಯಲ್ಲ.

ದೂರವೇ ಮದ್ದು

ಹಾಗಾದರೆ ಮಗುವನ್ನು ಹಬ್ಬದಿಂದ ಹೊರಗಿಡಬೇಕೆ? ಬೆಂಕಿಯ ಬೆಳಕಿನಲ್ಲಿ ಹೊಳೆಯುವ ಊರಿನವರ ಮುಖಗಳು, ಅಪ್ಪನ ಹೆಗಲು, ಆಕಾಶದಲ್ಲಿ ಬಿರಿದ ಮೊದಲ ಬಣ್ಣ – ಇವು ಮಗುವಿನಿಂದ ಕಸಿಯಬೇಕಾದ ಸಂಗತಿಗಳಲ್ಲ. ಉಳಿದಿರುವ ಪ್ರಶ್ನೆ ಎಷ್ಟು ಹತ್ತಿರ ನಿಲ್ಲಬೇಕು ಎಂಬುದು.

ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು ಆರು ಡೆಸಿಬಲ್ ಇಳಿಯುತ್ತದೆ. ನಾಲ್ಕು ಮೀಟರಿನಲ್ಲಿ 125 ಇದ್ದದ್ದು ಎಂಟರಲ್ಲಿ 119, ಹದಿನಾರರಲ್ಲಿ 113, ಅರವತ್ತನಾಲ್ಕು ಮೀಟರಿನಲ್ಲಿ 101. ಇನ್ನೊಂದು ಸುಲಭದ ಅಳತೆಯಿದೆ. ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಎಣಿಸಬೇಕು. ಒಂದು ಸೆಕೆಂಡ್ ತಡವಾದರೆ ಸಿಡಿತ ಸುಮಾರು 340 ಮೀಟರ್ ದೂರದಲ್ಲಿದೆ ಎಂದರ್ಥ. ಎರಡು ಮೂರು ವರ್ಷದ ಮಗುವಿಗೆ ಈ ಎಣಿಕೆಯೇ ಆಟವಾಗುತ್ತದೆ. ಮೊದಲು ಬಣ್ಣ, ಆಮೇಲೆ ‘ಢಂ’ ಎಂದು ಗೊತ್ತಿದ್ದ ಮಗುವಿನ ಭಯ ಅರ್ಧ ಇಳಿಯುತ್ತದೆ.

ಬ್ರಿಟನ್ನಿನಲ್ಲೂ ಹಬ್ಬ ಈ ದಿಕ್ಕಿಗೆ ಹೊರಳುತ್ತಿದೆ. ಎಷ್ಟೋ ಊರುಗಳಲ್ಲಿ ಸಂಜೆ ಬೇಗನೆ ಪುಟ್ಟ ಮಕ್ಕಳಿಗಾಗಿ ಸದ್ದು ಕಡಿಮೆಯ ಪ್ರದರ್ಶನ, ದೊಡ್ಡ ಸದ್ದಿನದು ಆಮೇಲೆ. 2019ರಲ್ಲಿ ಅಲ್ಲಿನ ಸೇನ್ಸ್‌ಬರೀಸ್ ಮಳಿಗೆಗಳು ಬಾಣಬಿರುಸು ಮಾರುವುದನ್ನೇ ನಿಲ್ಲಿಸಿದವು. 120 ಡೆಸಿಬಲ್ಲಿನ ಮಿತಿಯನ್ನು 90ಕ್ಕೆ ಇಳಿಸಬೇಕೆಂದು ಪ್ರಾಣಿದಯಾ ಸಂಘಗಳು ಒತ್ತಾಯಿಸುತ್ತಿವೆ. ಅಂದರೆ ನಾಯಿ, ಕುದುರೆಗಳಿಗಾಗಿ ನಡೆಯುತ್ತಿರುವ ಹೋರಾಟದ ಫಲ ಕೂಸುಗಳಿಗೂ ಸಿಗಬಹುದು.

ಗೈ ಫಾಕ್ಸ್ ಓದಿದ ಯಾರ್ಕ್‌ನ ಸೇಂಟ್ ಪೀಟರ್ಸ್ ಶಾಲೆ ನವೆಂಬರ್ ಐದರಂದು ಗೈ ಬೊಂಬೆಯನ್ನು ಸುಡುವುದಿಲ್ಲ. ಎಷ್ಟೆಂದರೂ ತಮ್ಮ ಶಾಲೆಯ ಹುಡುಗ ಎಂಬ ಮರ್ಯಾದೆ. ಸತ್ತು ನಾನೂರು ವರ್ಷ ದಾಟಿದ ವಿದ್ಯಾರ್ಥಿಯ ಮೇಲೆ ಒಂದು ಶಾಲೆಗೆ ಇಷ್ಟು ಕಾಳಜಿ ಇರಬಹುದಾದರೆ, ತಳ್ಳುಗಾಡಿಯಲ್ಲಿ ಬೆಚ್ಚಿ ಕೈ ಚಾಚಿದ ಕೂಸಿಗಾಗಿ ನೂರು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ಕಷ್ಟವೇನಲ್ಲ. ಅಲ್ಲಿಂದಲೂ ಆಕಾಶ ಅಷ್ಟೇ ಚೆನ್ನಾಗಿ ಕಾಣುತ್ತದೆ.